ಅಪ್‌ಡೇಟ್‌ಗಾಗಿ ಕಾಕಾ ಮಾಡಿಕೊಂಡ ರಾಜಿ

ಇವತ್ತು ಮುಂಜಾನೆ ಲ್ಯಾಪ್‌ಟಾಪ್ ತಾನೇ ಅಪ್‌ಡೇಟ್ ಮಾಡಿಕೊಂಡಿತು. ಬಿಸಿಯಾದ ಅದರ ಧೂಳಿನ ವಾಸನೆಗೆ ಚಿದ್ರಿಯ ಕಾಕಾನ ಮನೆ ನೆನಪಾಯಿತು. ಸಣ್ಣಂದಿನಲ್ಲಿ ಸಾಲಿ ಕಲಿಯಲು ನಾನು ಅಲ್ಲಿದ್ದೆ.

ಆ ವರ್ಷ ಮಳೆ ಇರಲಿಲ್ಲ. ಅರ್ಧ ಗಲ್ಲಿ ದುಡಿಯಲು ಪುಣೆಗೆ ಹೋಗಿತ್ತು. ನೀರಿದ್ದದ್ದು ಎದುರುಮನೆ ದೊಡ್ಡಪ್ಪನ ಬೋರಿನಲ್ಲಿ ಮಾತ್ರ. ಆದರೆ ಕಾಕಾ ತನ್ನ ಈ ಅಣ್ಣನ ಜೋಡಿ ಮಾತು ಬಿಟ್ಟಿದ್ದ. ಹಾಗಾಗಿ ಕಾಕಾನ ಹೆಂಡತಿ ಕಾಕು ಮತ್ತು ನಾನು ಕೊಡ ಹಿಡಿದು ಟ್ಯಾಂಕರ್ ಹಿಂದೆ ಓಡುತ್ತಿದ್ದೆವು.

ಮನೆಯ ಕಂಪ್ಯೂಟರಿನ ಹಳೆಯ ಬ್ರೌಸರ್ ಜೋಡಿಯೂ ಕಾಕಾ ಮಾತು ಬಿಟ್ಟಿದ್ದ. ಅದರಿಂದಲೇ ವೈರಸ್ ಬರುತ್ತದೆಂದು ಅದನ್ನು ಪರದೆಯಿಂದ ಗಡಿಪಾರು ಮಾಡಿ, ಹೊಸ ಬ್ರೌಸರ್ ಹಾಕಿ, ಮಾನಿಟರಿಗೆ ಕುಂಕುಮ ಹಚ್ಚಿದ. "ಹಳೇದು ಮುಟ್ಟಿದವ್ರಿಗೆ ಈ ಮನ್ಯಾಗ ಊಟ ಇಲ್ಲ" ಎಂಬ ಶಾಸನವೂ ಹೊರಟಿತು.

ಒಂದು ದಿನ ಕಂಪ್ಯೂಟರ್ ಅಪ್‌ಡೇಟ್ ಮಾಡಲು ಕೂತ. ಹಳೆಯ ಬ್ರೌಸರಿನಲ್ಲಿ ಬಂದರೆ ಮಾತ್ರ ಕೊಡುತ್ತೇನೆಂದು ಅಪ್‌ಡೇಟಿನ ಪುಟ ಹಟ ಹಿಡಿಯಿತು. ಕಾಕಾ ಬಾಗಿಲು ಹಾಕಿ, ಗಡಿಪಾರಾದದ್ದನ್ನು ಹುಡುಕಿ ತೆರೆದ. ಅಪ್‌ಡೇಟ್ ಸುರುವಾಯಿತು. ಕಿಟಕಿಯಲ್ಲಿ ನಾನಿದ್ದೆ.

"ಕಾಕಾ, ಇವತ್ತು ನಿಮ್ಗ ಊಟ ಇಲ್ಲೇನ್ರಿ?"

"ಸುಮ್ಕಿರು. ಕೆಲಸದ ಮಟ್ಟಿಗಷ್ಟ ತೆಗದೀನಿ."

"ಹಂಗಾದ್ರ ದೊಡ್ಡಪ್ಪನ ಬೋರಿನ ನೀರೂ ಕೆಲಸದ ಮಟ್ಟಿಗೇ ತರೂಣ್ರಿ. ಇಲ್ಲಾಂದ್ರ ಕಾಕುಗ ಹೇಳ್ತೇನಿ."

ಸಂಜೆ ಕಾಕಾ ಕೊಡ ಹಿಡಿದು, ಗೋಡೆಯ ಕಡೆ ಮುಖ ಮಾಡಿ ದೊಡ್ಡಪ್ಪನ ಅಂಗಳದಲ್ಲಿ ನಿಂತ. ದೊಡ್ಡಪ್ಪ ಮೋಟಾರ್ ಹಾಕಿ, ಇನ್ನೊಂದು ಗೋಡೆಗೆ ಹೇಳಿದ: "ಇಷ್ಟು ಸಣ್ಣ ಕೊಡ ಯಾಕ ತಂದಿ?"

ಇವತ್ತು ಲ್ಯಾಪ್‌ಟಾಪ್ ತಾನೇ ಅಪ್‌ಡೇಟ್ ಮಾಡಿಕೊಂಡ ಸುದ್ದಿಯನ್ನು ಕಾಕಾನಿಗೆ ಫೋನಿನಲ್ಲಿ ಹೇಳಿದೆ.

"ಯಾರ ಮನಿಗೂ ಹೋಗ್ದೆ ತಾನೇ ತಗೊಂತೇನು?" ಎಂದ ಕಾಕಾ. "ಭಾಳ ಸೊಕ್ಕಿನ ಮಷೀನ್ ಅದ."