ಹೊಲಿಸಿದ ಕಿವಿ

ಗೆಳತಿಯರೇ, ಇವತ್ತು ಚನ್ನಗಿರಿ ಆಸ್ಪತ್ರೆಯಲ್ಲಿ ನನ್ನ ಕಿವಿಗೆ ಹೊಲಿಗೆ ಬಿತ್ತು. ಮದುವೆಯಲ್ಲಿ ಅತ್ತೆ ತೊಡಿಸಿದ ಬೆಂಡೋಲೆಯ ಭಾರಕ್ಕೆ ಬಲಗಿವಿಯ ಹಾಲೆ ಜಗ್ಗಿ ಜಗ್ಗಿ ಎರಡು ಸೀಳಾಗಿತ್ತು. ಬಸವಾಪಟ್ಟಣದಿಂದ ಇದ್ದಿಲು ಉರಿಸಿ ಓಡಿಸುವ ಬಸ್ಸಿನಲ್ಲಿ ಅತ್ತೆಯೇ ಕರೆತಂದಿದ್ದರು.

ಡಾಕ್ಟರು ಮರಗಟ್ಟಿಸುವ ಸೂಜಿ ಚುಚ್ಚಿ, ಸೀಳಿನ ಅಂಚನ್ನು ತುಸು ಕತ್ತರಿಸಿ, ಎರಡೂ ಕಡೆ ಸೇರಿಸಿ ಹೊಲಿದರು. ಅತ್ತೆ ಬಗ್ಗಿ ನೋಡಿದರು.

"ಹೊಲಿಗೆ ಗಟ್ಟಿ ಐತೇನ್ರೀ ಡಾಕ್ಟ್ರೇ?"

"ಗಟ್ಟಿಯಾಗಿದೆಯಮ್ಮ."

"ಹಂಗಾದ್ರೆ ಎಡಗಿವೀನೂ ಈಗಲೇ ಹೊಲಿದುಬಿಡ್ರಿ. ಅದು ಹರಿದ ಮ್ಯಾಲೆ ಮತ್ತೆ ಯಾರು ಬರ್ತಾರೆ?"

ಡಾಕ್ಟರು ಕತ್ತರಿ ಕೆಳಗಿಟ್ಟರು. "ಚೆನ್ನಾಗಿರೋ ಕಿವಿಯನ್ನು ಹೊಲಿಯೋಕಾಗಲ್ಲ. ಆ ಓಲೆಯನ್ನೇ ಕರಗಿಸಿ ಹಗುರ ಮಾಡಿಸಿ."

"ಮನೆತನದ ಒಡವೆ ರೀ ಅದು, ಕೆಡಿಸಾಕೆ ಆಗ್ತದಾ? ಕಿವಿ ಆದ್ರೆ ಹೊಲಿಸಬಹುದು."

ನನಗೆ ರೇಗಿತು. "ಹಂಗಾದ್ರೆ ನೀವೇ ಹಾಕ್ಕಳ್ರಿ ಅತ್ತೆ" ಎಂದೆ.

ಅತ್ತೆ ತಲೆಯ ಮೇಲಿನ ಸೆರಗು ಸರಿಸಿದರು. ಅವರ ಎರಡೂ ಕಿವಿಯ ಹಾಲೆಗಳು ಸೀಳಿ ಜೋತಾಡುತ್ತಿದ್ದವು.

"ನಮ್ಮ ಕಾಲಕ್ಕೆ ಹೊಲಿಯೋರು ಇರ್ಲಿಲ್ಲ. ನೀನು ಪುಣ್ಯವಂತೆ."

ಪುಣ್ಯವಂತೆ ಒಂದೇ ಕಿವಿಯಲ್ಲಿ ಬೆಂಡೋಲೆ ತೂಗಿಸಿಕೊಂಡು ಬಸ್ಸು ಹತ್ತಿದಳು. ಇನ್ನೊಂದು ಅತ್ತೆಯ ಎಲೆಯಡಿಕೆ ಚೀಲದಲ್ಲಿ ಹೊಲಿಗೆ ಬಿಚ್ಚುವ ದಿನ ಕಾಯುತ್ತಿದೆ.