ಮುನ್ನೀ ಬೀ ಬಡಿಸಿದ ಗಾಳಿ

ಹರಪನಹಳ್ಳಿಯ ಒಂದು ನರ್ಸಿಂಗ್ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಅಂಜಿನಕ್ಕ ಇಪ್ಪತ್ತೆಂಟು ವರ್ಷ ವಾರ್ಡಿನೊಳಗೆ ನಡೆದ ದಾರಿಯನ್ನು ನೆಟ್ಟಗೆ ಹಾಸಿದ್ದರೆ, ಕಾಶಿಗೆ ಹೋಗಿ, ಮಿಂದು, ಅಲ್ಲೇ ಹೊಸ ಚಪ್ಪಲಿ ಕೊಂಡು ತಿರುಗಿ ಬರಬಹುದಿತ್ತು. ಗುಡೇಕೋಟೆಯ ಗುಡ್ಡದಲ್ಲಿ ಕುರಿ ಕಾಯ್ದವರ ಮಗಳು, ಕಾಲು ಗಟ್ಟಿ. ಆದರೆ 2003ರ ಹೊತ್ತಿಗೆ ಆ ಕಾಲುಗಳು ಆಕೆಯ ಮಾತು ಕೇಳುವುದನ್ನು ಬಿಟ್ಟಿದ್ದವು. ಕುರ್ಚಿ ಕಂಡರೆ ಸಾಕು, ತಾವೇ ಮಡಚಿಕೊಳ್ಳುತ್ತಿದ್ದವು.

ಅಪಧಮನಿಯ ರಕ್ತದಲ್ಲಿ ಗಾಳಿ ಎಷ್ಟು, ಆಮ್ಲ ಎಷ್ಟು ಎಂದು ಹೇಳುವ ಯಂತ್ರ ಆಗ ಆ ಶಾಲೆಯ ಆಸ್ಪತ್ರೆಯಲ್ಲಿ ಇರಲಿಲ್ಲ. ದಾವಣಗೆರೆಯಿಂದ ಬಂದ ರೋಗಿ ಆ ಪರೀಕ್ಷೆಯ, ಅಂದರೆ ಎಬಿಜಿಯ, ಚೀಟಿ ತಂದರೆ ಅವತ್ತು ಹುಡುಗಿಯರಿಗೆ ಪಾಠ. ಒಂದು ಹಳೇ ಚೀಟಿಯನ್ನಂತೂ ಹನ್ನೊಂದು ಬ್ಯಾಚು ಓದಿ, ಅದರ ಮಸಿಯೆಲ್ಲ ಅವರ ಕಣ್ಣಿಗೇ ಹತ್ತಿ, ಬರೀ ಬಿಳಿ ಕಾಗದ ಉಳಿದಿತ್ತು.

ಹೀಗಿರುವಾಗ ಹೊಸ ಚೀಟಿಯೊಂದಿಗೆ ಬಂದವನು ಅಬ್ದುಲ್ ಮಜೀದ, ತೆಲಿಗಿಯ ಟ್ರ್ಯಾಕ್ಟರ್ ಮೆಕ್ಯಾನಿಕ್. ನಲವತ್ತು ವರ್ಷ ಬೀಡಿ ಹೊಗೆ ಒಳಗೆ, ಡೀಸೆಲ್ ಹೊಗೆ ಹೊರಗೆ. ಪಕ್ಕದಲ್ಲಿ ಹೆಂಡತಿ ಮುನ್ನೀ ಬೀ. ಆಕೆಯ ಮನೆಗೆ ಉಣ್ಣಲು ಹೋದವನು ತಟ್ಟೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರೆ, ಬೆರಳ ಸಂದಿಯಲ್ಲಿ ಸಾರು ಇಳಿಸುವ ಹೆಂಗಸು.

ಅಂಜಿನಕ್ಕ ಮಂಚದ ಬಳಿ ಹುಡುಗಿಯರನ್ನು ನಿಲ್ಲಿಸಿಕೊಂಡರು.

"ಮೊದ್ಲು ಏನು ನೋಡ್ತೀಯವ್ವಾ ಸುಮಲತಾ?"

"ಪಿಎಚ್ ರೀ ಅಕ್ಕಾರ. ಏಳು ಪಾಯಿಂಟ್ ಮೂವತ್ತಾರು. ಏಳು ಪಾಯಿಂಟ್ ಮೂವತ್ತೈದರಿಂದ ನಲವತ್ತೈದರ ಒಳಗೈತಿ. ನಾರ್ಮಲ್."

"ಹಂಗಾರ ಮನಿಗೆ ಕಳಿಸೋಣೇನು? ಮುಂದ ಓದು."

"ಕಾರ್ಬನ್ ಡೈಆಕ್ಸೈಡ್ ಅರವತ್ತು. ನಲವತ್ತೈದು ದಾಟಬಾರ್ದಿತ್ತು. ಬೈಕಾರ್ಬನೇಟ್ ಮೂವತ್ತಮೂರು. ಅದೂ ಇಪ್ಪತ್ತಾರು ದಾಟಬಾರ್ದಿತ್ತು."

"ಪಿಎಚ್ ನಡುವಿನ ಏಳು ಪಾಯಿಂಟ್ ನಲವತ್ತಕ್ಕಿಂತ ಕೆಳಗ, ಆಮ್ಲದ ಕಡೆ ವಾಲೈತಿ. ಆಮ್ಲ ಮಾಡೋದು ಕಾರ್ಬನ್. ಅಂದ್ರ ತಪ್ಪು ಪುಪ್ಪಸದ್ದು. ಕಿಡ್ನಿ ಪಾಪ, ಆಮ್ಲ ಮುರಿಯೋ ಬೈಕಾರ್ಬನೇಟ್ ಕೂಡಿಟ್ಟು ಸರಿದೂಗಿಸೈತಿ. ಅಷ್ಟು ಕೂಡಿಡಾಕ ದಿನಗಟ್ಲೆ ಬೇಕು. ಇದು ನಿನ್ನೆ ಮೊನ್ನೇದಲ್ಲ, ಹಳೇ ಬ್ಯಾನಿ."

"ಆಕ್ಸಿಜನ್ ಬರೇ ಐವತ್ತೆಂಟೈತಲ್ರೀ. ಜಾಸ್ತಿ ಬಿಡೋಣೇನ್ರಿ?"

"ಅಲ್ಲೇ ಹೆಣ ಬೀಳೋದು! ಇಂಥೋರಿಗೆ ಆಕ್ಸಿಜನ್ ಅತಿ ಆದ್ರ ಕಾರ್ಬನ್ ಒಳಗ ಕೂಡ್ತೈತಿ. ಮಂಪರು ಬರ್ತೈತಿ, ಆಮ್ಯಾಲೆ ಉಸಿರು ಸೋಲ್ತೈತಿ. ಡಾಕ್ಟರ್ ಹೇಳಿದ್ದು ನಿಮಿಷಕ್ಕ ಒಂದೂವರೆ ಲೀಟರ್. ಅಷ್ಟ."

ಹುಡುಗಿಯರು ಬರೆದುಕೊಂಡರು. ಮುನ್ನೀ ಬೀ ಮಾತ್ರ "ಒಂದೂವರೆ" ಎಂಬುದೊಂದನ್ನೇ ಹಿಡಿದುಕೊಂಡು ತುಟಿ ಬಿಗಿದಳು.

ಮಧ್ಯಾಹ್ನ ಅಂಜಿನಕ್ಕ ಆಗಷ್ಟೇ ಕುರ್ಚಿಗೆ ಮೈ ಕೊಟ್ಟಿದ್ದರು. ಸುಮಲತಾ ನಗುತ್ತ ಬಂದಳು. "ಅಜ್ಜ ಚೆಂದಾಗಿ ಮಲಗ್ಯಾನ್ರಿ ಅಕ್ಕಾರ. ನೀಲಿ ಇದ್ದ ಉಗುರು ಕೆಂಪಗಾಗ್ಯಾವು. ಗೊರಕಿನೂ ಹೊಡ್ಯಾಕತ್ಯಾನ."

ಮುಷ್ಕರ ಹೂಡಿದ್ದ ಕಾಲುಗಳು ಆ ಮಾತಿಗೆ ಓಡಿದವು.

ಆಕ್ಸಿಜನ್ ಸಿಲಿಂಡರಿಗೆ ಕಟ್ಟಿದ, ಗಾಳಿ ಗುಳ್ಳೆಯಾಗಿ ಹಾಯುವ ನೀರಿನ ಬಾಟಲಿ ಕೊತಕೊತ ಕುದಿಯುವಂತಿತ್ತು. ಮೀಟರಿನಲ್ಲಿ ಎಂಟು ಲೀಟರ್!

"ಯಾರು ತಿರುವಿದ್ದು ಇದನ್ನ?"

"ನಾನೇ ಅಕ್ಕಾ," ಎಂದಳು ಮುನ್ನೀ ಬೀ ಹೆಮ್ಮೆಯಿಂದ. "ಇಷ್ಟು ದೊಡ್ಡ ಗಂಡಸಿಗೆ ಒಂದೂವರೆ ಕೊಡ್ತಾರೇನು? ನೀವು ಬಡಸಾಕ ಹಿಂದ ಮುಂದ ನೋಡ್ತೀರಿ ಅಂತ ನಾನೇ ಬಿಟ್ಟೆ. ನಾಕು ದಿನದ ಮ್ಯಾಲೆ ನಿದ್ದಿ ಹತ್ತೈತಿ. ಎಬ್ಬಿಸಬ್ಯಾಡ್ರಿ."

"ಇದು ನಿದ್ದಿ ಅಲ್ಲವ್ವಾ, ಮಂಪರು."

ಅಂಜಿನಕ್ಕ ಪೂರ್ತಿ ಬಂದ್ ಮಾಡದೆ ಒಂದೂವರೆಗೆ ಇಳಿಸಿದರು. ಮಜೀದನನ್ನು ಎತ್ತಿ ಕೂರಿಸಿ ಎದೆಮೂಳೆಯನ್ನು ಗೆಣ್ಣಿನಿಂದ ತಿಕ್ಕಿದರು. ಹೂಂ ಇಲ್ಲ, ಉಹೂಂ ಇಲ್ಲ. ಸುಮಲತಾ ಕರೆತಂದ ಡಾಕ್ಟರು ಅರುಣಕುಮಾರ್ ಮಜೀದನ ಮುಖಕ್ಕೆ ಮಾಸ್ಕು ಒತ್ತಿ, ಉಸಿರು ತುಂಬುವ ಬ್ಯಾಗು ಹಿಸುಕತೊಡಗಿದರು. ಅವರ ಕೈ ಸೋತಾಗ ಅಂಜಿನಕ್ಕ, ಅಂಜಿನಕ್ಕನ ಕೈ ಸೋತಾಗ ಅವರು. ಆ ಒಂದು ತಾಸಿನಲ್ಲಿ ಹಿಸುಕಿದ ಗಾಳಿಯಲ್ಲಿ ತಾಲ್ಲೂಕಿನ ಅಷ್ಟೂ ಟ್ರ್ಯಾಕ್ಟರ್ ಚಕ್ರ ತುಂಬಬಹುದಿತ್ತು. ಮುನ್ನೀ ಬೀ ಗಂಡನ ಪಾದ ಹಿಡಿದು ಕುಳಿತಿದ್ದಳು.

ಕೊನೆಗೆ ಮಜೀದನ ರೆಪ್ಪೆ ಅಲುಗಿತು. ಅಂಜಿನಕ್ಕ ಮತ್ತೊಮ್ಮೆ ಎದೆ ತಿಕ್ಕಿದರು.

"ಯಾರಲೇ ಅದು... ಎದಿ ಅಂದ್ರ ಬಾನೆಟ್ಟೇನಲೇ, ತಿಕ್ಕಾಕ?"

ಅಷ್ಟು ಸೊಗಸಾದ ಬೈಗುಳವನ್ನು ಆ ವಾರ್ಡು ಕೇಳಿರಲಿಲ್ಲ. ಮುನ್ನೀ ಬೀ ಗೊಳೋ ಎಂದು ಅತ್ತಳು. "ನನ್ನ ಕೈಯಾರ ಕೊಲ್ತಿದ್ನಲ್ಲಕ್ಕಾ!"

"ನಿನ್ನ ತಪ್ಪಲ್ಲವ್ವಾ," ಎಂದರು ಅಂಜಿನಕ್ಕ, ಸ್ಟೂಲಿನ ಮೇಲೆ ಕುಸಿಯುತ್ತ. "ನಿನ್ನ ಮುಂದ ನಿಂತು ಹುಡುಗ್ಯಾರಿಗೆ ಹೇಳಿದೆ. ನಿನಗ ಹೇಳ್ಲಿಲ್ಲ. ಇಪ್ಪತ್ತೆಂಟು ವರ್ಷದಾಗ ಇಂಥ ಎಷ್ಟು ಮಂದಿ ಮುಂದ ಹಿಂಗ ಪಾಠ ಹೇಳೀನೋ."

ದಣಿದ ಅಂಜಿನಕ್ಕನ ತಲೆ ಗೋಡೆಗೆ ವಾಲಿತು, ಕಣ್ಣು ಮುಚ್ಚಿದವು.

ಮುನ್ನೀ ಬೀ ಚಂಗನೆ ಎದ್ದು ಆಕೆಯ ಭುಜ ಹಿಡಿದು ಅಲುಗಾಡಿಸಿದಳು. "ಏ ಅಕ್ಕಾ, ಮಲಗಬ್ಯಾಡ! ಡಾಕ್ಟರ್ ಸಾಬ್, ಓಡಿ ಬರ್ರಿ, ಇಕಿಗೂ ಮಂಪರು ಹತ್ತಿತು!"

ಸಂಜೆಯವರೆಗೆ ಆ ವಾರ್ಡಿನಲ್ಲಿ ಒಬ್ಬರೂ ರೆಪ್ಪೆ ಮುಚ್ಚಲಿಲ್ಲ. ಮುಚ್ಚಲು ಮುನ್ನೀ ಬೀ ಬಿಟ್ಟರೆ ತಾನೇ.