ಓರೆಗಣ್ಣಿಗೆ ಬೀಳುತ್ತಿದ್ದ ಟೋಪಿ

ಗಾಜಿನ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಹದ್ದಿನಕಣ್ಣಿನ ಅಕ್ಕ ಎಂದೇ ಕರೆಯುತ್ತಿದ್ದರು. ಬೆಳಕಿನ ಪರದೆಯ ಮುಂದೆ ಬೆಲ್ಟಿನ ಮೇಲೆ ಸಾಲಾಗಿ ಓಡುವ ಬಾಟಲಿಗಳಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಅವಳ ಕೈ ಚಕ್ಕನೆ ಹೋಗಿ ಎತ್ತಿ ಬಿಸಾಡುತ್ತಿತ್ತು. ಅದೇನು ಮಹಾ ಅನ್ನಿ. ಅಷ್ಟರ ನಡುವೆಯೂ ಅವಳಿಗೆ ಗಂಡ ಕಾಣುತ್ತಿದ್ದ.

ಅವನು ಅಲ್ಲೇ ಟ್ರಾಲಿ ತಳ್ಳುವವನು. ಪಕ್ಕದ ಓಣಿಯಲ್ಲಿ ಹಾದುಹೋಗುವಾಗಲೆಲ್ಲ ಟೋಪಿ ಎತ್ತುತ್ತಿದ್ದ. ಇವಳು ತಲೆ ತಿರುಗಿಸದೆ ನಗುತ್ತಿದ್ದಳು. ಮನೆಯಲ್ಲಿ ಹಾವು ಮುಂಗುಸಿಯಂತೆ ಕಿತ್ತಾಡಿ ಬಂದ ದಿನವೂ ಟೋಪಿ ಏಳುತ್ತಿತ್ತು, ತುಸು ಬಿಗುಮಾನದಿಂದ.

ಈಚೆಗೆ ಮಾತ್ರ ಅವಳು ನಗುತ್ತಿರಲಿಲ್ಲ.

"ಏನೇ, ನನ್ ಮೇಲೆ ಕೋಪಾನಾ? ಟೋಪಿ ಎತ್ತಿ ಎತ್ತಿ ತಲೆಗೆ ಶೀತ ಆಯ್ತು," ಎಂದ ಒಂದು ಸಂಜೆ.

"ನೀವು ಬಂದಿದ್ದೇ ಗೊತ್ತಾಗ್ಲಿಲ್ಲ ರೀ."

ಅವನು ನಂಬಲಿಲ್ಲ. ಅವಳಿಗೂ ನಂಬಿಕೆಯಾಗದೆ ಕಣ್ಣಿನ ಡಾಕ್ಟರ ಬಳಿ ಹೋದಳು. ಗೋಡೆಯ ಮೇಲಿನ ಕೊನೆಯ ಸಾಲನ್ನೂ ಪಟಪಟನೆ ಓದಿದಳು.

"ಕಣ್ಣಿಗೇನೂ ಆಗಿಲ್ಲಮ್ಮ. ವಯಸ್ಸಾಗ್ತಾ ಗಮನ ನಾಲ್ಕೂ ಕಡೆ ಹರಿಯಲ್ಲ. ಒಂದನ್ನ ದಿಟ್ಟಿಸಿದ್ರೆ ಅಕ್ಕಪಕ್ಕದ್ದು ತಪ್ಪಿಹೋಗುತ್ತೆ," ಎಂದರು ಡಾಕ್ಟರು. ಅದಕ್ಕೆ ಕನ್ನಡಕವೂ ಇಲ್ಲವಂತೆ.

ಗಂಡನನ್ನು ನೋಡಲು ಹೋದರೆ ಬಿರುಕಿನ ಬಾಟಲಿ ಯಾರದೋ ಮನೆ ಸೇರಿ ಯಾರದೋ ತುಟಿ ಕೊಯ್ಯುತ್ತದೆ. ಹಾಗಾಗಿ ಅವಳು ಹಲ್ಲುಕಚ್ಚಿ ಬಾಟಲಿಗಳನ್ನೇ ನೋಡಿದಳು. ಒಂದೇ ಸೂರಿನಡಿ ಬಾಳುವ ಗಂಡನಿಗಾಗಿ ಹಗಲೆಲ್ಲ ಹಂಬಲಿಸುವುದೆಂದರೆ ನಗೆಪಾಟಲು. ಆದರೂ ಹಂಬಲಿಸಿದಳು.

ಅವನು ನಿವೃತ್ತನಾಗುವ ದಿನ ಬಂತು. "ಸಂಜೆ ಗಂಟೆ ಹೊಡೆಯೋಕೆ ಮುಂಚೆ ಕೊನೇ ಸಲ ಬರ್ತೀನಿ. ನೋಡಿದ್ರೆ ನೋಡು, ಬಿಟ್ರೆ ಬಿಡು," ಎಂದು ಬೆಳಿಗ್ಗೆ ಚಪ್ಪಲಿ ಮೆಟ್ಟುತ್ತಾ ಹೇಳಿದ.

ಗಂಟೆ ಹೊಡೆಯಲು ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ ಅವಳು ಕೈ ಚಾಚಿ, ಯಾರದಾದರೂ ಕೈ ಸಿಕ್ಕಿಕೊಂಡರೆ ಮಾತ್ರ ಒತ್ತಬೇಕಾದ ಕೆಂಪು ಗುಂಡಿಯನ್ನು ಒತ್ತಿಬಿಟ್ಟಳು. ಬೆಲ್ಟು ಗಕ್ಕನೆ ನಿಂತಿತು. ಮೇಲ್ವಿಚಾರಕ ಎದ್ದೆನೋ ಬಿದ್ದೆನೋ ಎಂದು ಓಡಿಬಂದ.

"ಏನಾಯ್ತಕ್ಕಾ? ಕೈ ಸಿಕ್ಕಾಕ್ಕೊಂಡ್ತಾ?"

"ಇಲ್ಲಪ್ಪ. ನಮ್ಮನೆಯವರು ಬರ್ತಿದ್ದಾರೆ. ನೋಡ್ಬೇಕು."

ಓಣಿಯ ತಿರುವಿನಲ್ಲಿ ಟ್ರಾಲಿ ಕಾಣಿಸಿತು. ಅವಳು ಮೊದಲ ಬಾರಿಗೆ ಬಾಟಲಿಗಳಿಗೆ ಬೆನ್ನು ಹಾಕಿ, ಪೂರ್ತಿ ಅವನತ್ತ ತಿರುಗಿ ಕುಳಿತಳು. ಅವನು ಟೋಪಿ ಎತ್ತಿದ.

ಇಷ್ಟು ವರ್ಷ ಅವಳ ಓರೆಗಣ್ಣಿಗೆ ಬಿದ್ದದ್ದು ಟೋಪಿ ಮಾತ್ರ. ಅದನ್ನು ಎತ್ತುವಾಗ ಅವನು ಹೊಸ ಮದುಮಗನಂತೆ ನಾಚುತ್ತಾನೆಂದು ಅವಳಿಗೆ ಗೊತ್ತಾದದ್ದು ಅವತ್ತೇ.